ಕಾರುಗಳಿಗೆ ತೈಲ ಒತ್ತಡ ಮಾಪಕ ಮತ್ತು ತಾಪಮಾಪಕಗಳ ಅಳವಡಿಕೆ

೧. ಪೀಠಿಕೆ

ಮಿಜಾರು ಗ್ರಾಮವು ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ಮಂಗಳೂರಿನಿಂದ ಮೂಡುಬಿದಿರೆ ಹಾಗೂ ಕಾರ್ಕಳದ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ ೧೬೯ರ (ಹಿಂದಿನ ಸಂಖ್ಯೆ ೧೩) ಬದಿಯಲ್ಲಿದೆ. ಈ ಗ್ರಾಮದ ಮತ್ತು ನೆರೆಯ ಬಂಟ್ವಾಳ, ಬೆಳ್ತಂಗಡಿ ಪ್ರದೇಶಗಳ ಕಾರುಗಳು ಒಂದೇ ದಿನದಲ್ಲಿ ಮೂರು ಬಗೆಯ ರಸ್ತೆಗಳಲ್ಲಿ ಓಡುವುದುಂಟು. ತೋಟದ ಮನೆಯಿಂದ ಮುಖ್ಯರಸ್ತೆಯವರೆಗೆ ಮುರಕಲ್ಲಿನ ಏರುತಗ್ಗಿನ ದಾರಿ ಮೊದಲನೆಯದು, ಹೆದ್ದಾರಿ ಎರಡನೆಯದು, ಘಟ್ಟದ ರಸ್ತೆ ಮೂರನೆಯದು. ಚಾರ್ಮಾಡಿಯ ಮೂಲಕ ಕೊಟ್ಟಿಗೆಹಾರಕ್ಕೆ, ಶಿರಾಡಿಯ ಮೂಲಕ ಸಕಲೇಶಪುರಕ್ಕೆ, ಹೆಬ್ರಿಯಿಂದ ಆಗುಂಬೆಗೆ ಹೋಗುವ ವಾಹನಗಳು ಕರಾವಳಿಯ ತಗ್ಗುಪ್ರದೇಶದಿಂದ ಪಶ್ಚಿಮ ಘಟ್ಟದ ನೆತ್ತಿಯವರೆಗೆ ಬಹುಪಾಲು ಕೆಳಗಿನ ಗೇರುಗಳಲ್ಲಿಯೇ ಏರಬೇಕಾಗುತ್ತದೆ.

ಈ ಮೂರು ರಸ್ತೆಗಳೂ ಎಂಜಿನ್ನಿಗೆ ಬೇರೆ ಬೇರೆ ರೀತಿಯಲ್ಲಿ ಅಪಾಯ ತರುತ್ತವೆ. ಮುರಕಲ್ಲಿನ ದಾರಿಯಲ್ಲಿ ಕಲ್ಲು ತಗುಲಿ ಆಯಿಲ್ ಸಂಪ್ ಸೀಳಬಹುದು. ಘಟ್ಟದ ಏರಿನಲ್ಲಿ ವೇಗ ಕಡಿಮೆ, ಭಾರ ಹೆಚ್ಚು, ರೇಡಿಯೇಟರಿಗೆ ತಾಗುವ ಗಾಳಿ ಅಲ್ಪವಾದುದರಿಂದ ಎಂಜಿನ್ ಅತಿಯಾಗಿ ಕಾಯಬಹುದು. ಇಂತಹ ಸಂದರ್ಭಗಳಲ್ಲಿ ಚಾಲಕನಿಗೆ ಮುಂಚಿತವಾಗಿ ಎಚ್ಚರಿಕೆ ನೀಡಬಲ್ಲ ತೈಲ ಒತ್ತಡ ಮಾಪಕ (ಗ್ಯಾರೇಜುಗಳಲ್ಲಿ ಆಯಿಲ್ ಪ್ರೆಷರ್ ಗೇಜ್ ಎಂದು ಕರೆಯಲ್ಪಡುವುದು) ಮತ್ತು ತಾಪಮಾಪಕಗಳನ್ನು ಕಾರಿಗೆ ಹೊಸದಾಗಿ ಜೋಡಿಸುವ ಕ್ರಮವನ್ನು ವಾಹನ ಮಾಲೀಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ. ಎಂಜಿನ್ ತೈಲವನ್ನು ಬಳಸದ ವಿದ್ಯುತ್ ಕಾರುಗಳಿಗೆ ಈ ಮಾಹಿತಿಯು ಅನ್ವಯಿಸುವುದಿಲ್ಲ.

೨. ಎಚ್ಚರಿಕೆ ದೀಪವಿದ್ದರೂ ಮಾಪಕ ಏಕೆ?

ಇಂದಿನ ಬಹುತೇಕ ಕಾರುಗಳಲ್ಲಿ ತೈಲದ ಒತ್ತಡವನ್ನು ಸೂಚಿಸಲು ಎಣ್ಣೆಗಿಂಡಿಯ ಚಿತ್ರವುಳ್ಳ ಕೆಂಪು ದೀಪ ಮಾತ್ರ ಇರುತ್ತದೆ. ಈ ದೀಪವನ್ನು ಬೆಳಗಿಸುವ ಸ್ವಿಚ್ ಸಾಮಾನ್ಯವಾಗಿ ಒತ್ತಡವು ೦.೩ರಿಂದ ೦.೫ ಬಾರ್‌ಗೆ ಇಳಿದಾಗ ಮಾತ್ರ ಕೆಲಸ ಮಾಡುತ್ತದೆ. ಹೆದ್ದಾರಿಯ ವೇಗದಲ್ಲಿ ೩ ಬಾರ್ ಇರಬೇಕಾದ ಒತ್ತಡ ೧ ಬಾರ್‌ಗೆ ಕುಸಿದಿದ್ದರೂ ದೀಪವು ಆರಿಯೇ ಇರುತ್ತದೆ. ದೀಪ ಹೊತ್ತಿಕೊಳ್ಳುವ ವೇಳೆಗೆ ಕ್ರ್ಯಾಂಕ್ ಶಾಫ್ಟ್‌ನ ಬೇರಿಂಗುಗಳಲ್ಲಿ ತೈಲದ ಪದರವು ಹರಿದು, ಲೋಹಕ್ಕೆ ಲೋಹ ಉಜ್ಜಲು ಆರಂಭವಾಗಿರುವ ಸಾಧ್ಯತೆ ಇರುತ್ತದೆ.

ತಾಪದ ವಿಷಯವೂ ಇದೇ. ಕೆಲವು ಸಣ್ಣ ಕಾರುಗಳಲ್ಲಿ ಮುಳ್ಳಿನ ಮಾಪಕವನ್ನು ಕೈಬಿಟ್ಟು, ತಣ್ಣಗಿರುವಾಗ ನೀಲಿ, ಅತಿಯಾಗಿ ಕಾದಾಗ ಕೆಂಪು ದೀಪವನ್ನು ಮಾತ್ರ ಇರಿಸಲಾಗಿದೆ. ಮುಳ್ಳು ಇರುವ ಅನೇಕ ಕಾರುಗಳಲ್ಲಿಯೂ ಸುಮಾರು ೭೫ರಿಂದ ೧೦೫ ಡಿಗ್ರಿ ಸೆಲ್ಸಿಯಸ್‌ವರೆಗೆ ಮುಳ್ಳು ನಡುವಿನಲ್ಲಿಯೇ ನಿಲ್ಲುವಂತೆ ತಯಾರಕರು ವ್ಯವಸ್ಥೆ ಮಾಡಿರುತ್ತಾರೆ. ಸಣ್ಣ ಏರಿಳಿತಗಳಿಂದ ಚಾಲಕನು ಗಾಬರಿಗೊಳ್ಳಬಾರದೆಂಬುದು ಇದರ ಉದ್ದೇಶ. ಆದರೆ ಘಟ್ಟದ ಏರಿನಲ್ಲಿ ತಾಪವು ನಿಧಾನವಾಗಿ ಏರುತ್ತಿರುವುದು ಇದರಿಂದ ತಿಳಿಯುವುದಿಲ್ಲ.

ಎಂಜಿನ್ ತೈಲದ ತಾಪವನ್ನು ತೋರಿಸುವ ವ್ಯವಸ್ಥೆಯಂತೂ ಸಾಮಾನ್ಯ ಕಾರುಗಳಲ್ಲಿ ಅಪರೂಪ. ಶೀತಕ ನೀರು ಕಾದಷ್ಟು ಬೇಗ ತೈಲ ಕಾಯುವುದಿಲ್ಲ. ಒಮ್ಮೆ ಕಾದ ಮೇಲೆ ಬೇಗ ಆರುವುದೂ ಇಲ್ಲ. ಆದುದರಿಂದ ಎಂಜಿನ್ನಿನ ಮೇಲೆ ಬಿದ್ದಿರುವ ನಿಜವಾದ ಹೊರೆಯನ್ನು ಅರಿಯಲು ತೈಲದ ತಾಪವು ಹೆಚ್ಚು ಸಹಕಾರಿ.

೩. ಮಾಪಕಗಳ ಬಗೆಗಳು

(ಅ) ಯಾಂತ್ರಿಕ ಮಾಪಕ: ಫ್ರಾನ್ಸಿನ ಯೂಜೀನ್ ಬೂರ್ಡನ್ ೧೮೪೯ರಲ್ಲಿ ರೂಪಿಸಿದ ಬಾಗಿದ ಲೋಹದ ಕೊಳವೆಯೇ ಇದರ ಆಧಾರ. ಎಂಜಿನ್ನಿನಿಂದ ಸಣ್ಣ ಕೊಳವೆಯ ಮೂಲಕ ತೈಲವು ಮಾಪಕದವರೆಗೂ ಬರುತ್ತದೆ. ಒತ್ತಡಕ್ಕೆ ಬಾಗಿದ ಕೊಳವೆ ನೆಟ್ಟಗಾಗಲು ಯತ್ನಿಸಿದಂತೆ ಮುಳ್ಳು ತಿರುಗುತ್ತದೆ. ವಿದ್ಯುತ್ತಿನ ಅಗತ್ಯವಿಲ್ಲ, ನಿಖರತೆಯೂ ಉತ್ತಮ. ಆದರೆ ಬಿಸಿ ತೈಲವು ಒತ್ತಡದಲ್ಲಿ ಪ್ರಯಾಣಿಕರ ಕೋಣೆಯೊಳಗೆ ಬರುವುದರಿಂದ, ಕೊಳವೆ ಒಡೆದಲ್ಲಿ ಸುಟ್ಟಗಾಯ ಹಾಗೂ ಬೆಂಕಿಯ ಅಪಾಯವಿದೆ. ನೈಲಾನ್ ಕೊಳವೆ ಶಾಖಕ್ಕೆ ಪೆಡಸಾಗಿ ಬಿರಿಯುತ್ತದೆ. ತಾಮ್ರದ ಕೊಳವೆ ಕಂಪನಕ್ಕೆ ಗಡುಸಾಗಿ ಮುರಿಯುತ್ತದೆ. ಯಾಂತ್ರಿಕ ತಾಪಮಾಪಕದಲ್ಲಿ ಆವಿಯಾಗುವ ದ್ರವ ತುಂಬಿದ ಮೊಹರು ಮಾಡಿದ ಕಿರುಕೊಳವೆ ಇರುತ್ತದೆ. ಅದನ್ನು ಕತ್ತರಿಸಿ ಗಿಡ್ಡ ಮಾಡಿದಲ್ಲಿ ಮಾಪಕವು ಸಂಪೂರ್ಣ ನಿರುಪಯುಕ್ತವಾಗುತ್ತದೆ.

(ಆ) ವಿದ್ಯುತ್ ಮಾಪಕ: ಎಂಜಿನ್ನಿನಲ್ಲಿ ಸೆಂಡರ್ ಎಂಬ ಸಂವೇದಕವನ್ನು ಕೂರಿಸಿ, ಅಲ್ಲಿಂದ ತಂತಿಯನ್ನು ಮಾತ್ರ ಒಳಗೆ ತರಲಾಗುತ್ತದೆ. ತೈಲವು ಎಂಜಿನ್ ಕೋಣೆಯಲ್ಲಿಯೇ ಉಳಿಯುವುದರಿಂದ ದಿನಬಳಕೆಯ ಕಾರುಗಳಿಗೆ ಇದೇ ಸೂಕ್ತ. ತಾಪದ ಸೆಂಡರಿನಲ್ಲಿ ಬಿಸಿ ಏರಿದಂತೆ ವಿದ್ಯುತ್ ನಿರೋಧ ಕಡಿಮೆಯಾಗುತ್ತದೆ.

(ಇ) ಓ.ಬಿ.ಡಿ. ಓದುಗ ಸಾಧನ: ಭಾರತದಲ್ಲಿ ಏಪ್ರಿಲ್ ೨೦೧೩ರಿಂದ ತಯಾರಾದ ಕಾರುಗಳಲ್ಲಿ ಓ.ಬಿ.ಡಿ. ಎರಡನೇ ಹಂತದ ವ್ಯವಸ್ಥೆ ಇರುತ್ತದೆ. ಸ್ಟಿಯರಿಂಗ್ ಕೆಳಗಿನ ಕಿಂಡಿಗೆ ಈ ಸಾಧನವನ್ನು ಜೋಡಿಸಿದಲ್ಲಿ ಶೀತಕದ ತಾಪವನ್ನು ಡಿಗ್ರಿಗಳಲ್ಲಿಯೇ ಓದಬಹುದು. ಯಾವ ತಂತಿಯನ್ನೂ ಕತ್ತರಿಸಬೇಕಾಗಿಲ್ಲ. ಆದರೆ ಕಾರಿನಲ್ಲಿ ಒತ್ತಡಕ್ಕೆ ಸ್ವಿಚ್ ಮಾತ್ರ ಇದ್ದಲ್ಲಿ ತೈಲದ ಒತ್ತಡವನ್ನು ಈ ಸಾಧನವು ತೋರಿಸಲಾರದು. ಶೀತಕದ ತಾಪ ಮಾತ್ರ ಸಾಕೆನ್ನುವ ಮಾಲೀಕರು ಮೊದಲು ಈ ಮಾರ್ಗವನ್ನು ಪರಿಗಣಿಸುವುದು ಒಳಿತು.

೪. ಕೊಳ್ಳುವ ಮುನ್ನ ಗಮನಿಸಬೇಕಾದ ಅಂಶಗಳು

(ಅ) ಮಾಪಕ ಮತ್ತು ಸೆಂಡರ್ ಒಂದೇ ಜೋಡಿಯದಾಗಿರತಕ್ಕದ್ದು. ಯುರೋಪಿನ ಕ್ರಮದ ಅನೇಕ ಒತ್ತಡ ಸೆಂಡರುಗಳು ೧೦ರಿಂದ ೧೮೦ ಓಮ್, ಅಮೆರಿಕದ ಕ್ರಮದವು ೨೪೦ರಿಂದ ೩೩ ಓಮ್ ವ್ಯಾಪ್ತಿಯಲ್ಲಿ ಕೆಲಸ ಮಾಡುತ್ತವೆ. ಒಂದರ ಮಾಪಕಕ್ಕೆ ಇನ್ನೊಂದರ ಸೆಂಡರ್ ಜೋಡಿಸಿದರೆ ಮುಳ್ಳು ಚಲಿಸುತ್ತದೆ, ಆದರೆ ತೋರಿಸುವುದೆಲ್ಲವೂ ತಪ್ಪು. ಇಂತಹ ಮಾಪಕವು ಇಲ್ಲದಿರುವುದಕ್ಕಿಂತ ಹೆಚ್ಚು ಅಪಾಯಕಾರಿ.

(ಆ) ಥ್ರೆಡ್ ಹೊಂದಾಣಿಕೆಯನ್ನು ಖಚಿತಪಡಿಸಿಕೊಳ್ಳಬೇಕು. ಎಂಟನೇ ಒಂದು ಅಂಗುಲದ ಎನ್.ಪಿ.ಟಿ. ಥ್ರೆಡ್‌ನಲ್ಲಿ ಅಂಗುಲಕ್ಕೆ ೨೭ ಸುತ್ತು, ಅದೇ ಅಳತೆಯ ಬಿ.ಎಸ್.ಪಿ.ಟಿ. ಥ್ರೆಡ್‌ನಲ್ಲಿ ೨೮ ಸುತ್ತು ಇರುತ್ತವೆ. ಕಣ್ಣಿಗೆ ಎರಡೂ ಒಂದೇ. ತಪ್ಪಾದುದನ್ನು ತಿರುಗಿಸಿದಾಗ ಒಂದೆರಡು ಸುತ್ತು ಸರಾಗವಾಗಿ ಹೋಗಿ, ಬಳಿಕ ಬಲ ಹಾಕಿದಲ್ಲಿ ಎಂಜಿನ್ನಿನ ಮೂಲ ಥ್ರೆಡ್ ಕೆಡುತ್ತದೆ. ಜಪಾನಿ ವಿನ್ಯಾಸದ ಅನೇಕ ಎಂಜಿನುಗಳಲ್ಲಿ ಬಿ.ಎಸ್.ಪಿ.ಟಿ., ಯುರೋಪಿನ ಅನೇಕ ಎಂಜಿನುಗಳಲ್ಲಿ ೧೦ ಮಿ.ಮೀ. ಮೆಟ್ರಿಕ್ ಥ್ರೆಡ್ ಕಂಡುಬರುತ್ತದೆ. ಕೈಬೆರಳಿನಲ್ಲಿ ಮೂರು ಸುತ್ತು ಹೋಗದ ಸೆಂಡರನ್ನು ಸ್ಪ್ಯಾನರ್‌ನಿಂದ ಬಿಗಿಯಬಾರದು.

(ಇ) ಅಳತೆಯ ಮಾನವನ್ನು ಅರಿತಿರಬೇಕು. ೧ ಬಾರ್ ಎಂದರೆ ಸುಮಾರು ೧.೦೨ ಕಿ.ಗ್ರಾಂ/ಚ.ಸೆಂ.ಮೀ. ಅಥವಾ ೧೪.೫ ಪಿ.ಎಸ್.ಐ.

(ಈ) ವಾರಂಟಿ ಅವಧಿಯಲ್ಲಿರುವ ಕಾರುಗಳ ಮಾಲೀಕರು ಹೊರಗಿನ ವಿದ್ಯುತ್ ಜೋಡಣೆಗಳ ಕುರಿತು ವಾರಂಟಿ ಪತ್ರದ ಷರತ್ತುಗಳನ್ನು ಮೊದಲೇ ಓದಿಕೊಳ್ಳುವುದು ಸೂಕ್ತ.

೫. ಅಳವಡಿಕೆಯ ಕ್ರಮ

ಎಂಜಿನ್ ಸಂಪೂರ್ಣ ತಣಿದ ಬಳಿಕ, ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಕೈ ಬ್ರೇಕ್ ಹಾಕಿ, ಬ್ಯಾಟರಿಯ ಋಣ ತುದಿಯನ್ನು ಕಳಚಿ ಕೆಲಸ ಆರಂಭಿಸತಕ್ಕದ್ದು. ಕಾರಿನ ಕೆಳಗೆ ಹೋಗಬೇಕಾದಲ್ಲಿ ಜಾಕ್ ಒಂದನ್ನೇ ನಂಬದೆ ಗಟ್ಟಿಯಾದ ಆಧಾರ ಕೊಡಬೇಕು.

(ಅ) ತೈಲ ಒತ್ತಡದ ಸೆಂಡರ್: ಎಂಜಿನ್ ಬ್ಲಾಕಿನಲ್ಲಿರುವ ಮೂಲ ಒತ್ತಡ ಸ್ವಿಚ್ಚನ್ನು ಬಿಚ್ಚಿ, ಆ ಜಾಗದಲ್ಲಿ ‘ಟಿ’ ಆಕಾರದ ಜೋಡಣೆಯನ್ನು ಕೂರಿಸಿ, ಒಂದು ಬಾಯಿಗೆ ಮೂಲ ಸ್ವಿಚ್ಚನ್ನೂ ಇನ್ನೊಂದಕ್ಕೆ ಹೊಸ ಸೆಂಡರನ್ನೂ ಜೋಡಿಸಬೇಕು. ಮೂಲ ಎಚ್ಚರಿಕೆ ದೀಪವನ್ನು ಯಾವುದೇ ಕಾರಣಕ್ಕೂ ತೆಗೆದುಹಾಕಬಾರದು. ಚಾಲಕನು ಸದಾ ಮುಳ್ಳನ್ನು ನೋಡುತ್ತಿರಲಾರನು. ಕೆಂಪು ದೀಪ ತಾನಾಗಿಯೇ ಕಣ್ಣಿಗೆ ಬೀಳುತ್ತದೆ.

ಒತ್ತಡದ ಸೆಂಡರ್ ತೂಕದ ವಸ್ತು. ಅದನ್ನು ‘ಟಿ’ ಜೋಡಣೆಯ ತುದಿಯಲ್ಲಿ ನೇತುಬಿಟ್ಟಲ್ಲಿ, ಎಂಜಿನ್ನಿನ ಕಂಪನಕ್ಕೆ ಕೆಲವೇ ತಿಂಗಳುಗಳಲ್ಲಿ ಹಿತ್ತಾಳೆಯ ಕುತ್ತಿಗೆ ಬಿರುಕುಬಿಟ್ಟು ಎಂಜಿನ್ ತೈಲವೆಲ್ಲ ರಸ್ತೆಗೆ ಚೆಲ್ಲಬಹುದು. ಎಂಜಿನ್ನನ್ನು ಕಾಪಾಡಲೆಂದು ಜೋಡಿಸಿದ ಸಾಧನವೇ ಎಂಜಿನ್ನನ್ನು ಕೆಡಿಸುವ ಸಂದರ್ಭವಿದು. ಆದುದರಿಂದ ಉಕ್ಕಿನ ಹೆಣಿಗೆಯ, ತೈಲಕ್ಕೆ ತಕ್ಕ ಹೋಸ್ ಪೈಪಿನ ಮೂಲಕ ಸೆಂಡರನ್ನು ಎಂಜಿನ್ ಕೋಣೆಯ ಗೋಡೆಗೆ ಕ್ಲಾಂಪ್ ಮಾಡುವುದು ಉತ್ತಮ. ಹಾಗೆ ಮಾಡಿದಾಗ ಸೆಂಡರಿನ ಮೈಗೆ ಪ್ರತ್ಯೇಕ ಅರ್ಥ್ ತಂತಿಯನ್ನು ನೀಡಬೇಕು. ನೇರವಾಗಿ ಬ್ಲಾಕಿಗೆ ಕೂರಿಸಿದ ಸೆಂಡರ್ ತನ್ನ ಥ್ರೆಡ್ ಮೂಲಕವೇ ಅರ್ಥ್ ಪಡೆಯುವುದರಿಂದ ಬಿಳಿಯ ಟೆಫ್ಲಾನ್ ಟೇಪನ್ನು ದಪ್ಪವಾಗಿ ಸುತ್ತಬಾರದು. ಟೇಪಿನ ಚೂರು ತೈಲಮಾರ್ಗದೊಳಗೆ ಸೇರದಂತೆಯೂ ಎಚ್ಚರ ವಹಿಸಬೇಕು.

(ಆ) ತೈಲ ತಾಪದ ಸೆಂಡರ್: ಇದಕ್ಕೆ ಎರಡು ಸ್ಥಾನಗಳಿವೆ. ಮೊದಲನೆಯದು ಸಂಪ್‌ನ ಡ್ರೈನ್ ಪ್ಲಗ್ ಜಾಗ. ಎರಡನೆಯದು ತೈಲ ಫಿಲ್ಟರ್ ಮತ್ತು ಬ್ಲಾಕ್ ನಡುವೆ ಕೂರುವ ಸ್ಯಾಂಡ್‌ವಿಚ್ ಪ್ಲೇಟ್. ಡ್ರೈನ್ ಪ್ಲಗ್ಗಿನ ಕೆಲಸ ಸುಲಭ, ಖರ್ಚೂ ಕಡಿಮೆ. ಆದರೆ ಅದು ಕಾರಿನ ಅತಿ ತಗ್ಗಿನ ಭಾಗಗಳಲ್ಲೊಂದು. ಸೆಂಡರ್ ಮತ್ತು ಅದರ ತಂತಿ ಇನ್ನೂ ಕೆಳಗೆ ಚಾಚಿಕೊಳ್ಳುತ್ತವೆ. ಮುರಕಲ್ಲಿನ ದಾರಿ, ಎತ್ತರದ ರಸ್ತೆ ಉಬ್ಬು, ಮಳೆಗಾಲದ ಹೊಂಡಗಳಿರುವ ಈ ಪ್ರದೇಶದಲ್ಲಿ ಒಂದು ಕಲ್ಲಿನ ಏಟಿಗೆ ಸೆಂಡರ್ ಮುರಿದು ತೈಲ ಪೂರ್ತಿ ಸೋರಬಹುದು. ಸಂಪ್ ರಕ್ಷಕ ತಗಡು ಇಲ್ಲದ ಕಾರುಗಳಲ್ಲಿ ಈ ಸ್ಥಾನವನ್ನು ಆಯ್ದುಕೊಳ್ಳದಿರುವುದು ಕ್ಷೇಮ.

ಸ್ಯಾಂಡ್‌ವಿಚ್ ಪ್ಲೇಟ್ ಬಳಸುವಾಗ ಫಿಲ್ಟರಿನ ಥ್ರೆಡ್ ಅಳತೆ ಸರಿಹೊಂದಬೇಕು, ರಬ್ಬರ್ ರಿಂಗ್‌ಗೆ ಹೊಸ ತೈಲ ಸವರಿರಬೇಕು, ಹಳೆಯ ರಿಂಗ್ ಬ್ಲಾಕಿಗೆ ಅಂಟಿಕೊಂಡಿಲ್ಲವೆಂಬುದನ್ನು ನೋಡಿಕೊಳ್ಳಬೇಕು. ಪ್ಲೇಟಿನ ದಪ್ಪದಿಂದ ಫಿಲ್ಟರ್ ಕೆಳಗಿಳಿದು ನೆಲಕ್ಕೆ ಅಥವಾ ಎಕ್ಸಾಸ್ಟ್ ಕೊಳವೆಗೆ ಹತ್ತಿರವಾಗುವುದೇ ಎಂದು ಪರಿಶೀಲಿಸಬೇಕು. ತೈಲ ಬದಲಿಸುವ ದಿನವೇ ಈ ಕೆಲಸವನ್ನು ಮಾಡಿಸಿದಲ್ಲಿ ತೈಲವೂ ಶ್ರಮವೂ ಉಳಿಯುತ್ತವೆ.

(ಇ) ಶೀತಕ ತಾಪದ ಸೆಂಡರ್: ಎಂಜಿನ್ ಗಣಕ ಬಳಸುವ ಮೂಲ ಸಂವೇದಕದ ತಂತಿಗೆ ಹೊಸ ಮಾಪಕವನ್ನು ಎಂದಿಗೂ ಜೋಡಿಸಬಾರದು. ಅದರಿಂದ ಗಣಕಕ್ಕೆ ತಪ್ಪು ತಾಪ ತಲುಪಿ, ಇಂಧನದ ಪ್ರಮಾಣವೂ ರೇಡಿಯೇಟರ್ ಫ್ಯಾನಿನ ಚಾಲನೆಯೂ ಏರುಪೇರಾಗುತ್ತವೆ. ರೇಡಿಯೇಟರಿನ ಮೇಲಿನ ಹೋಸನ್ನು ಕತ್ತರಿಸಿ, ನಡುವೆ ಸೆಂಡರ್ ಕೂರುವ ಅಲ್ಯೂಮಿನಿಯಂ ಕೊಳವೆಯನ್ನು ಕ್ಲಿಪ್ಪುಗಳಿಂದ ಬಿಗಿಯುವುದು ರೂಢಿಯಲ್ಲಿರುವ ಕ್ರಮ. ಎರಡೂ ಬದಿಯಲ್ಲಿ ರಬ್ಬರ್ ಇರುವುದರಿಂದ ಈ ಕೊಳವೆಗೂ ಪ್ರತ್ಯೇಕ ಅರ್ಥ್ ಅಗತ್ಯ. ಕೆಲಸದ ನಂತರ ಶೀತಕವನ್ನು ತುಂಬಿ, ವ್ಯವಸ್ಥೆಯೊಳಗಿನ ಗಾಳಿಯನ್ನು ಪೂರ್ತಿಯಾಗಿ ಹೊರಹಾಕಬೇಕು.

(ಈ) ವಿದ್ಯುತ್ ಜೋಡಣೆ: ಮಾಪಕದ ಧನ ತಂತಿಯನ್ನು ಕೀಲಿ ತಿರುಗಿಸಿದಾಗ ಮಾತ್ರ ವಿದ್ಯುತ್ ಬರುವ ಜಾಗಕ್ಕೆ, ತಯಾರಕರು ಸೂಚಿಸಿದ ಸಣ್ಣ ಫ್ಯೂಸಿನ ಮೂಲಕ ಜೋಡಿಸತಕ್ಕದ್ದು. ಫ್ಯೂಸ್ ಇಲ್ಲದ ಜೋಡಣೆ ಬೆಂಕಿಗೆ ಆಹ್ವಾನ. ಮಾಪಕದ ಒಳದೀಪವನ್ನು ಡ್ಯಾಶ್‌ಬೋರ್ಡ್ ದೀಪದ ತಂತಿಗೆ ಸೇರಿಸಬೇಕು. ಏರ್‌ಬ್ಯಾಗ್‌ಗೆ ಸಂಬಂಧಿಸಿದ, ಸಾಮಾನ್ಯವಾಗಿ ಹಳದಿ ಬಣ್ಣದ ತಂತಿ ಹಾಗೂ ಜೋಡಣೆಗಳನ್ನು ಮುಟ್ಟಬಾರದು. ಎಂಜಿನ್ ಕೋಣೆಯಿಂದ ಒಳಗೆ ತಂತಿ ತರುವಾಗ ಲೋಹದ ಗೋಡೆಯ ರಂಧ್ರದಲ್ಲಿ ರಬ್ಬರ್ ಗ್ರಾಮೆಟ್ ಇರಲೇಬೇಕು. ಇಲ್ಲವಾದಲ್ಲಿ ಲೋಹದ ಅಂಚು ತಂತಿಯ ಹೊದಿಕೆಯನ್ನು ಕ್ರಮೇಣ ಕೊರೆಯುತ್ತದೆ. ತಂತಿಯು ಎಕ್ಸಾಸ್ಟ್ ಮ್ಯಾನಿಫೋಲ್ಡ್, ಫ್ಯಾನ್, ಬೆಲ್ಟ್ ಮತ್ತು ಪೆಡಲುಗಳಿಂದ ದೂರವಿರತಕ್ಕದ್ದು.

(ಉ) ಮಾಪಕ ಕೂರಿಸುವ ಸ್ಥಾನ: ರಸ್ತೆಯ ಮೇಲಿನ ದೃಷ್ಟಿಗೆ ಅಡ್ಡಿಯಾಗಬಾರದು, ಮೂಲ ಸ್ಪೀಡೋಮೀಟರ್ ಹಾಗೂ ಎಚ್ಚರಿಕೆ ದೀಪಗಳನ್ನು ಮರೆಮಾಡಬಾರದು. ೧ನೇ ಜುಲೈ ೨೦೧೯ರಿಂದ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಗಿದೆ. ಏರ್‌ಬ್ಯಾಗ್ ತೆರೆದುಕೊಳ್ಳುವ ಜಾಗದಲ್ಲಿ ಹಾಗೂ ಕರ್ಟನ್ ಏರ್‌ಬ್ಯಾಗ್ ಇರುವ ಕಾರುಗಳ ಮುಂಗಂಬದಲ್ಲಿ ಮಾಪಕವನ್ನು ಕೂರಿಸಿದಲ್ಲಿ, ಅಪಘಾತದ ಕ್ಷಣದಲ್ಲಿ ಅದೇ ಮಾಪಕ ಚಾಲಕನ ಮುಖಕ್ಕೆ ಸಿಡಿಯಬಹುದು.

೬. ಪರೀಕ್ಷೆ

ತಾಪದ ಸೆಂಡರನ್ನು ಎಂಜಿನ್ನಿಗೆ ಕೂರಿಸುವ ಮೊದಲೇ ಪರೀಕ್ಷಿಸಬಹುದು. ಸೆಂಡರಿನ ಮೈಗೆ ಅರ್ಥ್ ನೀಡಿ, ಮಾಪಕಕ್ಕೆ ಜೋಡಿಸಿ, ಕುದಿಯುವ ನೀರಿನಲ್ಲಿ ಅದರ ತುದಿಯನ್ನು ಮುಳುಗಿಸಬೇಕು. ಕರಾವಳಿಯ ಎತ್ತರದಲ್ಲಿ ನೀರು ಸುಮಾರು ೧೦೦ ಡಿಗ್ರಿಯಲ್ಲಿ ಕುದಿಯುವುದರಿಂದ ಮುಳ್ಳು ಆ ಅಂಕಿಯ ಸಮೀಪ ನಿಲ್ಲಬೇಕು.

ಎಲ್ಲ ಜೋಡಣೆ ಮುಗಿದ ಮೇಲೆ ತೈಲದ ಮಟ್ಟವನ್ನು ನೋಡಿ ಎಂಜಿನ್ ಚಾಲೂ ಮಾಡಬೇಕು. ಕೆಲವು ಸೆಕೆಂಡುಗಳೊಳಗೆ ಒತ್ತಡ ಏರದಿದ್ದಲ್ಲಿ ತಕ್ಷಣ ಬಂದ್ ಮಾಡಬೇಕು. ಒತ್ತಡ ಸರಿಯಿದ್ದಲ್ಲಿ ಐದು ನಿಮಿಷ ಓಡಿಸಿ, ಹೊಸ ಜೋಡಣೆಗಳೆಲ್ಲವನ್ನೂ ಬಟ್ಟೆಯಿಂದ ಒರೆಸಿ ಸೋರಿಕೆ ಪರೀಕ್ಷಿಸಬೇಕು. ಸುಮಾರು ೧೦೦ ಕಿ.ಮೀ. ಓಡಿದ ನಂತರ ಇದೇ ಪರೀಕ್ಷೆಯನ್ನು ಪುನಃ ಮಾಡತಕ್ಕದ್ದು.

೭. ಮಾಪಕವನ್ನು ಓದುವ ಬಗೆ

ಕೆಳಗಿನವು ಸಾಮಾನ್ಯ ಅಂಕಿಗಳು. ಆಯಾ ಕಾರಿನ ಕೈಪಿಡಿಯಲ್ಲಿ ಬೇರೆ ಅಂಕಿಗಳಿದ್ದಲ್ಲಿ ಅವುಗಳೇ ಅಂತಿಮ.

• ತಣ್ಣನೆಯ ಎಂಜಿನ್ ಚಾಲೂ ಮಾಡಿದಾಗ: ೪ರಿಂದ ೫ ಬಾರ್. ತೈಲ ಮಂದವಾಗಿರುವುದೇ ಇದಕ್ಕೆ ಕಾರಣ.
• ಕಾದ ಎಂಜಿನ್, ನಿಂತಲ್ಲಿ: ೦.೭ರಿಂದ ೧.೫ ಬಾರ್.
• ಕಾದ ಎಂಜಿನ್, ನಿಮಿಷಕ್ಕೆ ೩,೦೦೦ ಸುತ್ತು: ೨.೫ರಿಂದ ೪ ಬಾರ್.
• ಶೀತಕದ ತಾಪ: ೮೦ರಿಂದ ೯೫ ಡಿಗ್ರಿ, ಏರಿನಲ್ಲಿ ೧೦೦ರ ಆಸುಪಾಸು.
• ತೈಲದ ತಾಪ: ೯೦ರಿಂದ ೧೧೦ ಡಿಗ್ರಿ, ೧೩೦ ದಾಟಿ ನಿಂತಲ್ಲಿ ವಿಶ್ರಾಂತಿ ಅಗತ್ಯ.

ಅಂಕಿಗಿಂತಲೂ ಬದಲಾವಣೆ ಮುಖ್ಯ. ಪ್ರತಿದಿನ ಒಂದೇ ರಸ್ತೆಯಲ್ಲಿ, ಒಂದೇ ವೇಗದಲ್ಲಿ ೩ ಬಾರ್ ತೋರಿಸುತ್ತಿದ್ದ ಮಾಪಕವು ಒಂದು ವಾರದಿಂದ ೨ ಬಾರ್ ತೋರಿಸುತ್ತಿದ್ದರೆ, ತೈಲದ ಮಟ್ಟ ಇಳಿದಿರಬಹುದು, ತೈಲ ತೆಳುವಾಗಿರಬಹುದು ಅಥವಾ ಬೇರಿಂಗ್ ಸವೆದಿರಬಹುದು. ತಿರುವುಗಳಲ್ಲಿ ಮಾತ್ರ ಒತ್ತಡ ಕ್ಷಣಕಾಲ ಕುಸಿದರೆ ಸಂಪ್‌ನಲ್ಲಿ ತೈಲ ಕಡಿಮೆಯಿದ್ದು, ಅದು ಒಂದು ಬದಿಗೆ ಸರಿದಾಗ ಪಂಪು ಗಾಳಿ ಎಳೆಯುತ್ತಿದೆ ಎಂದರ್ಥ.

ಶೀತಕ ಮಾಪಕದ ಒಂದು ವರ್ತನೆಯನ್ನು ಚಾಲಕರು ವಿಶೇಷವಾಗಿ ನೆನಪಿಡಬೇಕು. ಹೋಸ್ ಒಡೆದು ನೀರೆಲ್ಲ ಹೋದಾಗ ಸೆಂಡರ್ ನೀರಿನಲ್ಲಿರದೆ ಗಾಳಿಯಲ್ಲಿ ಉಳಿಯುತ್ತದೆ. ಆಗ ಏರುತ್ತಿದ್ದ ಮುಳ್ಳು ಇದ್ದಕ್ಕಿದ್ದಂತೆ ಕೆಳಗಿಳಿಯಬಹುದು. ಎಂಜಿನ್ ತಣಿಯಿತೆಂದು ಭಾವಿಸಿ ಮುಂದೆ ಸಾಗಿದಲ್ಲಿ ಸಿಲಿಂಡರ್ ಹೆಡ್ ಸೊಟ್ಟಗಾಗಿ, ಗ್ಯಾಸ್ಕೆಟ್ ಸುಟ್ಟುಹೋಗುತ್ತದೆ.

೮. ಘಟ್ಟದಲ್ಲಿ ಮುಳ್ಳು ಅಪಾಯ ತೋರಿಸಿದಾಗ

(ಅ) ತೈಲದ ಒತ್ತಡ ಶೂನ್ಯಕ್ಕಿಳಿದಲ್ಲಿ ಸುರಕ್ಷಿತವಾಗಿ ಬದಿಗೆ ಸರಿದು ಕೂಡಲೇ ಎಂಜಿನ್ ಬಂದ್ ಮಾಡಬೇಕು. ‘ಮುಂದಿನ ಊರಿನವರೆಗೆ’ ಎಂಬ ಆಲೋಚನೆ ಸಲ್ಲದು. ಓಡುತ್ತಿರುವಾಗಲೇ ಎಂಜಿನ್ ಹಿಡಿದುಕೊಂಡರೆ ಪವರ್ ಸ್ಟಿಯರಿಂಗ್ ನೆರವು ತಪ್ಪಬಹುದು. ಬ್ರೇಕಿನ ನೆರವೂ ಒಂದೆರಡು ಬಾರಿ ಒತ್ತುವಷ್ಟು ಮಾತ್ರ ಉಳಿಯುತ್ತದೆ. ಚಾರ್ಮಾಡಿಯಂತಹ ಕಿರಿದಾದ ತಿರುವುಗಳಲ್ಲಿ, ಮಳೆ ಮತ್ತು ಮಂಜಿನ ನಡುವೆ ಇದು ಪ್ರಾಣಕ್ಕೇ ಎರವಾಗಬಲ್ಲದು.

(ಆ) ಶೀತಕದ ತಾಪ ಏರುತ್ತಿದ್ದು ಸೋರಿಕೆ ಇಲ್ಲದಿದ್ದಲ್ಲಿ, ಹವಾನಿಯಂತ್ರಣವನ್ನು ನಿಲ್ಲಿಸಿ, ಹೀಟರನ್ನು ಪೂರ್ಣ ತೆರೆದು, ಅಗಲವಾದ ಸ್ಥಳದಲ್ಲಿ ನಿಂತು, ಎಂಜಿನ್ನನ್ನು ನಿಧಾನಗತಿಯಲ್ಲಿ ಓಡಲು ಬಿಡಬೇಕು. ಪಂಪು ಮತ್ತು ಫ್ಯಾನ್ ಕೆಲಸ ಮಾಡುತ್ತಿರುವುದರಿಂದ ತಾಪ ಇಳಿಯುತ್ತದೆ. ನೀರು ಸೋರುತ್ತಿದ್ದಲ್ಲಿ ಅಥವಾ ತಾಪ ಇಳಿಯದಿದ್ದಲ್ಲಿ ಎಂಜಿನ್ನನ್ನು ಬಂದ್ ಮಾಡಬೇಕು.

(ಇ) ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳವನ್ನು ತೆರೆಯಬಾರದು. ಸುಮಾರು ೦.೯ ಬಾರ್ ಒತ್ತಡದ ಮುಚ್ಚಳದ ಕೆಳಗೆ ನೀರು ೧೧೮ ಡಿಗ್ರಿಯ ಸಮೀಪದವರೆಗೂ ಕುದಿಯದೆ ಇರುತ್ತದೆ. ಮುಚ್ಚಳ ತೆರೆದ ಕ್ಷಣ ಒಮ್ಮೆಲೇ ಆವಿಯಾಗಿ ಮುಖ, ಕೈಗಳಿಗೆ ಚಿಮ್ಮುತ್ತದೆ.

(ಈ) ಮಾಪಕದ ದೋಷವೋ ಎಂಜಿನ್ನಿನ ದೋಷವೋ ಎಂಬ ಸಂದೇಹ ಬಂದಲ್ಲಿ ಎಂಜಿನ್ನಿನದೇ ಎಂದು ಭಾವಿಸಿ ನಿಲ್ಲಿಸಬೇಕು. ತೈಲದ ಮಟ್ಟ, ಸೋರಿಕೆ, ಎಂಜಿನ್ನಿನ ಸದ್ದು, ಮೂಲ ಎಚ್ಚರಿಕೆ ದೀಪ, ಸೆಂಡರಿನ ತಂತಿ ಇವುಗಳನ್ನು ಇದೇ ಕ್ರಮದಲ್ಲಿ ಪರಿಶೀಲಿಸಬೇಕು.

೯. ಕರಾವಳಿ ಪ್ರದೇಶದಲ್ಲಿ ನಿರ್ವಹಣೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ಮತ್ತು ವರ್ಷವಿಡೀ ಇರುವ ತೇವದಿಂದ ತಂತಿಯ ತುದಿಗಳಲ್ಲಿ ಹಸಿರು ಕಿಲುಬು ಕಟ್ಟುತ್ತದೆ. ಅರ್ಥ್ ಜೋಡಣೆ ಕಿಲುಬು ಹಿಡಿದಲ್ಲಿ ಮುಳ್ಳು ಕಾರಣವಿಲ್ಲದೆ ಅಲುಗಾಡುತ್ತದೆ. ಹೆಡ್‌ಲೈಟ್ ಹಾಕಿದ ಕೂಡಲೇ ಅಂಕಿ ಬದಲಾಗುವುದು ಇದರ ಸಾಮಾನ್ಯ ಲಕ್ಷಣ. ಮಳೆಗಾಲದ ಮೊದಲು ಮತ್ತು ನಂತರ ಈ ತುದಿಗಳನ್ನು ಉಜ್ಜಿ, ಗ್ರೀಸ್ ಸವರುವುದು ಒಳ್ಳೆಯದು. ಅಡಿಕೆ, ತೆಂಗು ಶೇಖರಿಸುವ ಕೊಟ್ಟಿಗೆಗಳಲ್ಲಿ ನಿಲ್ಲಿಸಿದ ಕಾರುಗಳಲ್ಲಿ ಇಲಿಗಳು ತಂತಿ ಕಡಿಯುವುದು ಸಾಮಾನ್ಯವಾದುದರಿಂದ ತಂತಿಗಳನ್ನು ಗಟ್ಟಿ ಕೊಳವೆಯೊಳಗೆ ಹಾಯಿಸಬೇಕು.

ಕೆಲಸದ ವೇಳೆ ಹೊರಬಂದ ಹಳೆಯ ಎಂಜಿನ್ ತೈಲವು ಅಪಾಯಕಾರಿ ತ್ಯಾಜ್ಯ. ಅದನ್ನು ತೋಡಿಗೆ, ತೋಟಕ್ಕೆ ಅಥವಾ ಬಾವಿಯ ಸಮೀಪ ಚೆಲ್ಲದೆ, ಡಬ್ಬಿಯಲ್ಲಿ ಸಂಗ್ರಹಿಸಿ, ಅಧಿಕೃತ ಮರುಸಂಸ್ಕರಣೆಗೆ ಕಳುಹಿಸುವ ಗ್ಯಾರೇಜಿಗೆ ನೀಡತಕ್ಕದ್ದು.

೧೦. ಕಾನೂನಿನ ಅಂಶಗಳು

ಮೋಟಾರು ವಾಹನ ಅಧಿನಿಯಮ, ೧೯೮೮ರ ೫೨ನೇ ಪ್ರಕರಣದ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ೨೦೧೯ರ ತಿದ್ದುಪಡಿಯಿಂದ ಸೇರಿದ ೧೮೨ಎ ಪ್ರಕರಣದಂತೆ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರು ಆರು ತಿಂಗಳವರೆಗಿನ ಕಾರಾವಾಸ ಅಥವಾ ಪ್ರತಿ ಮಾರ್ಪಾಡಿಗೆ ₹೫,೦೦೦ ದಂಡ ಅಥವಾ ಎರಡಕ್ಕೂ ಗುರಿಯಾಗಬಹುದು. ಮಾಪಕದ ಜೋಡಣೆಯಿಂದ ಎಂಜಿನ್ ಸಂಖ್ಯೆ, ಚಾಸಿಸ್ ಸಂಖ್ಯೆ, ಇಂಧನ, ಆಸನಗಳ ಸಂಖ್ಯೆ, ಬಣ್ಣ ಮುಂತಾದ ನೋಂದಣಿ ವಿವರಗಳು ಬದಲಾಗುವುದಿಲ್ಲ. ಆದರೂ ಇದರೊಂದಿಗೆ ಬೇರಾವುದೇ ಮಾರ್ಪಾಡು ಮಾಡಿಸುವ ಉದ್ದೇಶವಿದ್ದಲ್ಲಿ, ಸಂಬಂಧಪಟ್ಟ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಮುಂಚಿತವಾಗಿ ವಿಚಾರಿಸತಕ್ಕದ್ದು.

೧೧. ಕೊನೆಯ ಮಾತು

ಮಾಪಕವು ಎಂಜಿನ್ನನ್ನು ದುರಸ್ತಿ ಮಾಡುವುದಿಲ್ಲ. ದುರಸ್ತಿಗೆ ಇನ್ನೂ ಸಮಯವಿರುವಾಗಲೇ ವಿಷಯವನ್ನು ತಿಳಿಸುತ್ತದೆ. ಸರಿಯಾದ ಸೆಂಡರ್, ಭದ್ರವಾದ ಜೋಡಣೆ ಮತ್ತು ಫ್ಯೂಸ್ ಇದ್ದಲ್ಲಿ ಮಾತ್ರ ಅದರ ಮಾತನ್ನು ನಂಬಬಹುದು. ವಾರಕ್ಕೊಮ್ಮೆ ಡಿಪ್‌ಸ್ಟಿಕ್ ಎಳೆದು ತೈಲದ ಮಟ್ಟವನ್ನು ನೋಡುವ ಅಭ್ಯಾಸಕ್ಕೆ ಯಾವ ಮಾಪಕವೂ ಪರ್ಯಾಯವಲ್ಲ ಎಂಬುದನ್ನು ವಾಹನ ಮಾಲೀಕರು ಮತ್ತು ಚಾಲಕರು ಗಮನದಲ್ಲಿರಿಸಿಕೊಳ್ಳಬೇಕು.